ನಡುಮನೆಯ ಸಭಾಧ್ಯಕ್ಷರು

ನಮ್ಮ ತಾತ ಕೋರ್ಟಿನಲ್ಲಿ ಒಂದು ಕೇಸನ್ನೂ ಸೋತಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳುತ್ತಿದ್ದವರು ತಾತ ಒಬ್ಬರೇ! ಅವರು ವಾದಕ್ಕೆ ನಿಂತರೆ, ಮಧ್ಯಾಹ್ನದ ಮುದ್ದೆ ತಪ್ಪಿಹೋಗುತ್ತೆ ಅಂತ ಹೆದರಿ ಎದುರು ವಕೀಲರೇ ರಾಜಿಗೆ ಬರುತ್ತಿದ್ದರಂತೆ. ಕಾಲೇಜಿಗೆ ಹೋಗಬೇಕೆಂಬ ನನ್ನ ಆಸೆ ಇಂಥವರ ಮುಂದೆ ವಿಚಾರಣೆಗೆ ಬರಬೇಕೆ! ಅದನ್ನು ಹೇಳುತ್ತೇನೆ, ತಡೆಯಿರಿ.

ಇಷ್ಟು ಮಾತು ಬಲ್ಲವರು ರಾಜಕೀಯಕ್ಕೆ ಇಳಿಯದೆ ಇರುತ್ತಾರೆಯೇ? ಮಹಾರಾಜರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಗೆ ನಿಂತರು. ಆಗ ಆಸ್ತಿಯಿದ್ದವರಿಗೆ, ಓದಿದವರಿಗೆ ಮಾತ್ರ ಓಟು. ತಾತ ಮಾಡಿದ್ದೇನು? ನಮ್ಮೂರು ಬಂಗಾರಪೇಟೆಯ ಸಾಹುಕಾರರನ್ನೆಲ್ಲ ಬಿಟ್ಟು, ರೈಲು ಹತ್ತಿ ಉರಿಗಾಂಗೆ ಹೋಗಿ, ಅಲ್ಲಿನ ಚಿನ್ನದ ಗಣಿ ಕೂಲಿಗಳ ಮನೆಸಾಲಿನ ಮುಂದೆ ಇಡೀ ದಿನ ಭಾಷಣ ಬಿಗಿದರು. ಮಾತು ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಹೊರಳಿ, ತಮಿಳಿನಲ್ಲಿ ಮುಗಿಯುತ್ತಿತ್ತಂತೆ. ಜೊತೆಗಿದ್ದ ಗುಮಾಸ್ತ ಕೊನೆಗೆ ತಡೆಯಲಾರದೆ, "ಸ್ವಾಮಿ, ಇಲ್ಲಿ ಒಬ್ರಿಗೂ ಓಟಿಲ್ಲ" ಅಂದ.

"ಓಟಿಲ್ಲ ಅಂದ್ರೆ ಕಷ್ಟಾನೂ ಇಲ್ವೇನಯ್ಯಾ?" ಅಂದರಂತೆ ತಾತ. ಆದರೂ ಅದು ಹೇಗೋ ಗೆದ್ದರು. ಸ್ವಾತಂತ್ರ್ಯ ಬಂದು ಎಲ್ಲರಿಗೂ ಓಟು ಸಿಕ್ಕಿತು ನೋಡಿ, ಆಗ ಸೋತರು!

ಸೋತವರು ಸುಮ್ಮನೆ ಕೂತರೆ? ನಡುಮನೆಯಲ್ಲೇ ಸಭೆ ಶುರು ಮಾಡಿದರು. ಪ್ರತಿ ಭಾನುವಾರ ಕಾಫಿ ಆದಮೇಲೆ ಬೆತ್ತದ ಕುರ್ಚಿಯಲ್ಲಿ ತಾತ ಸಭಾಧ್ಯಕ್ಷರು, ಚಾಪೆಯ ಮೇಲೆ ನಾವೆಲ್ಲ ಸದಸ್ಯರು. ಇಪ್ಪತ್ತೊಂದು ತುಂಬದ ನನಗೆ ಓಟಿಲ್ಲ. ಎರಡೂ ಕಡೆ ಸಮ ಬಿದ್ದರೆ ಮಾತ್ರ ತಾತನಿಗೆ ಓಟು. ಒಮ್ಮೆ, ವಾರಕ್ಕೆ ನಾಲ್ಕು ದಿನ ಹುರುಳಿಸಾರು ಮಾಡಕೂಡದು ಅಂತ ಗೊತ್ತುವಳಿ ಪಾಸಾಯಿತು.

"ನಿಮ್ ಗೊತ್ತುವಳಿ ಬಂದು ಒಲೆ ಅಚ್ತದಾ?" ಅಂತ ಅಜ್ಜಿ ಎದ್ದು ಹೋದರು. ಮಧ್ಯಾಹ್ನ ಮತ್ತೆ ಹುರುಳಿಸಾರೇ! ಸಭಾಧ್ಯಕ್ಷರು ಎರಡು ಸಲ ಹಾಕಿಸಿಕೊಂಡರು.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನನ್ನ ವಿಷಯವೂ ಸಭೆಗೆ ಬಂತು. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲು ಹತ್ತಿದರೆ ಬೆಂಗಳೂರಿನ ಕಾಲೇಜು, ಸಂಜೆಗೆ ವಾಪಸ್ಸು ಮನೆ. ಅಷ್ಟೇ ನಾನು ಕೇಳಿದ್ದು.

"ಎಣ್ಣುಡ್ಗಿ ದಿನಾ ಒಬ್ಳೇ ರೈಲಲ್ಲಿ ಓಗಿ ಬರೋದಾ? ನಾಳೆ ಯಾವ ಗಂಡು ಸಿಕ್ತಾನೆ?" ಅಂದರು ಅಪ್ಪ. ಚಿಕ್ಕಪ್ಪ ತಲೆಯಾಡಿಸಿದರು.

"ಓಗ್ಲಿ ಬಿಡ್ಲಾ. ನಾನು ಒಲೆ ಊದಿ ಊದಿ ಕಂಡಿದ್ದು ಸಾಕು," ಅಂತ ಅಜ್ಜಿ ಕೈ ಎತ್ತಿದರು.

ವಿರೋಧಕ್ಕೆ ಎರಡು, ಪರವಾಗಿ ಒಂದು. ಅಮ್ಮನ ಕೈ ಭುಜದವರೆಗೆ ಎದ್ದಿತು. ಅಪ್ಪ ತಿರುಗಿ ನೋಡಿದ್ದೇ ತಡ, ಸೆರಗು ಸರಿಮಾಡಿಕೊಂಡು ಇಳಿದುಬಿಟ್ಟಿತು! ಇನ್ನೊಂದು ಗೇಣು ಎದ್ದಿದ್ದರೆ ಸಮ ಬೀಳುತ್ತಿತ್ತು, ತಾತನ ಓಟು ನನಗೇ ಬೀಳುತ್ತಿತ್ತು. ಅಯ್ಯೋ ನನ್ನ ಹಣೆಬರಹವೇ, ಅನ್ನಿಸಿತು.

ತಾತ ಒಂದು ಕ್ಷಣ ಅಮ್ಮನನ್ನೇ ನೋಡಿದರು. ಆಮೇಲೆ, "ಗೊತ್ತುವಳಿ ಬಿದ್ದುಹೋಗಿದೆ. ಸಭೆ ಮುಗಿಯಿತು," ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ಆಗ ತಾತ ಕುರ್ಚಿಯಿಂದ ಎದ್ದರು. ಮಂಡಿನೋವಿನ ಮನುಷ್ಯ, ಗೋಡೆ ಹಿಡಿದು ನಿಧಾನವಾಗಿ ಅಪ್ಪನ ಎದುರಿಗೆ ಚಾಪೆಯ ಮೇಲೆ ಕೂತರು. ಅಪ್ಪನ ಎರಡೂ ಕೈ ಹಿಡಿದುಕೊಂಡರು.

"ಇದು ಗೊತ್ತುವಳಿ ಅಲ್ಲ ಕಣ್ಲಾ. ನಿಮ್ಮಪ್ಪ ಬೇಡ್ಕೊಂತಾ ಅವ್ನೆ. ಮಗೀನ ಕಳ್ಸ್ಲಾ."

ತಾತ ಯಾರ ಮುಂದೆಯೂ ಬೇಡಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪನೂ ಕಂಡಿರಲಿಲ್ಲ ಅಂತ ಕಾಣುತ್ತೆ. ಕೈ ಬಿಡಿಸಿಕೊಳ್ಳದೆ ತಲೆ ತಗ್ಗಿಸಿದರು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದರು:

"ಬೆಳಿಗ್ಗೆ ರೈಲು ಎಷ್ಟೊತ್ಗೆ ಬತ್ತದಮ್ಮಾ?"