ರಬ್ಬರ್ ಕಪ್ಪೆ ನಂಬಿ ಮಟನ್ ಬಿಟ್ಟ ಕಥೆ

ಮೊದಲೇ ಹೇಳಿಬಿಡುತ್ತೇನೆ, ಮೀನು ಹಿಡಿಯುವುದರಲ್ಲಿ ನನಗೆ ಅನುಭವವಿದೆ. ಮದ್ದೂರಿನ ಪಕ್ಕದ ನಮ್ಮೂರಲ್ಲಿ ಕಾಲುವೆಗೆ ನೀರು ನಿಲ್ಲಿಸಿದ ದಿನ ನಾವು ಹುಡುಗರೆಲ್ಲ ಒಂದು ಹಳೆಯ ಪಂಚೆಯ ನಾಲ್ಕು ಮೂಲೆ ಹಿಡಿದು ಕೆಸರಿಗೆ ಇಳಿಯುತ್ತಿದ್ದೆವು. ಅರ್ಧ ಗಂಟೆಯಲ್ಲಿ ಒಂದು ಬುಟ್ಟಿ ಮೀನು. ಗಾಳವಿಲ್ಲ, ರಾಡಿಲ್ಲ, ದೋಣಿಯಿಲ್ಲ. ಬರೀ ಪಂಚೆ! ಇಂಥವನು ಒಂದು ಕೆರೆಯಿಂದ ಎರಡು ಕೆಜಿ ಮೀನು ತರಲಾರನೇ? ತರಬಲ್ಲೆ ಎಂದು ನಾನು ನಂಬಿದ್ದೆ. ನಮ್ಮ ಮನೆಯವರೂ ನಂಬಿದರು. ಅದು ಅವರ ತಪ್ಪು.

ಶ್ರಾವಣ ಬಂದರೆ ನಮ್ಮ ಮನೆಯಲ್ಲಿ ಒಂದು ತಿಂಗಳು ಮಾಂಸ, ಮೀನು, ಮೊಟ್ಟೆ ಯಾವುದೂ ಹೊಸಿಲು ದಾಟುವಂತಿಲ್ಲ. ಆದ್ದರಿಂದ ಶ್ರಾವಣಕ್ಕೆ ಮುಂಚಿನ ಕೊನೆಯ ಭಾನುವಾರ ನಮಗೆ ಒಂದು ಸಣ್ಣ ಹಬ್ಬ. ಪ್ರತಿ ವರ್ಷ ಆ ದಿನ ನನ್ನ ಬಾಮೈದ ಕೃಷ್ಣ ಕೆಂಗೇರಿಯಿಂದ ಎರಡು ಕೆಜಿ ಮಟನ್ ಹಿಡಿದು, ನನ್ನ ಅತ್ತೆಯನ್ನು ಕರೆದುಕೊಂಡು ಸುಂಕದಕಟ್ಟೆಯ ನಮ್ಮ ಮನೆಗೆ ಬರುತ್ತಾನೆ. ಮಟನ್ ತಂದವನು ಎಂಬ ಹಕ್ಕಿನಿಂದ ಇಡೀ ದಿನ ನನ್ನ ಕಾಲೆಳೆಯುತ್ತಾನೆ. ನಾನು ಹೊಡೆದ ಮೊಳೆ, ನಾನು ಆರಿಸಿ ತಂದ ಫ್ಯಾನು, ನಾನು ಮಾಡಿಸಿದ ಕನ್ನಡಕ, ಒಂದನ್ನೂ ಬಿಡುವುದಿಲ್ಲ. ಹನ್ನೆರಡು ವರ್ಷದಿಂದ ಇದೇ!

ಈ ಸಲ ಅತ್ತೆ ಫೋನಿನಲ್ಲಿ, "ಕೆರೆ ಮೀನಿನ ಸಾರು ತಿಂದು ಎಷ್ಟು ಕಾಲ ಆಯ್ತಪ್ಪಾ. ಈ ಸಿಟೀಲಿ ಬರೀ ಐಸ್ ಮೀನು" ಅಂದರು. ಅವರು ಬಾಯಿಬಿಟ್ಟು ಏನನ್ನಾದರೂ ಬೇಕು ಅನ್ನುವುದೇ ಅಪರೂಪ.

"ಅತ್ತೆ, ಈ ಸಲ ಮಟನ್ ಬೇಡ. ಕೆರೆ ಮೀನು ನಾನೇ ಹಿಡ್ಕೊಂಡ್ ಬರ್ತೀನಿ" ಅಂದುಬಿಟ್ಟೆ.

ಕೃಷ್ಣ ಅವರ ಕೈಯಿಂದ ಫೋನು ಕಿತ್ತುಕೊಂಡ. "ಭಾವ, ನಿಜ ಹೇಳಿ. ಹಿಡ್ಕೊಂಡ್ ಬರ್ತೀರೋ, ಕೊಂಡ್ಕೊಂಡ್ ಬರ್ತೀರೋ?"

"ಹಿಡ್ಕೊಂಡ್ ಬರ್ತೀನಿ!"

"ಒಂದ್ ಕೆಜಿ ಮಟನ್ ಸೇಫ್ಟಿಗೆ ಇಟ್ಕೊಂಡಿರ್ಲಾ?"

"ಬರಿಗೈಲಿ ಬಾರಯ್ಯ! ಮಟನ್ ತಂದ್ರೆ ಬಾಗಿಲು ತೆಗೆಯಲ್ಲ!"

ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದ ಇಣುಕಿ ನೋಡಿದಳು. ಹುಣಸೆಹಣ್ಣು ಎಷ್ಟಿದೆ ಎಂದು ಡಬ್ಬ ತೆಗೆದು ನೋಡಿದಳು.

ನನ್ನ ಧೈರ್ಯಕ್ಕೆ ಕಾರಣ ಮಂಜ ಮತ್ತು ಇಮ್ತಿಯಾಜ್. ಮಂಜ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನ ಪಕ್ಕದ ಮಿಷಿನ್ನಿನಲ್ಲಿ ಕೆಲಸ ಮಾಡುವ ಹುಡುಗ. ಇಮ್ತಿಯಾಜ್ ವಿಜಯನಗರದಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಾನೆ. ಇಬ್ಬರೂ ತಿಂಗಳಿಗೊಮ್ಮೆ ಮಾಗಡಿ ರಸ್ತೆಯಲ್ಲಿ ಬಹಳ ಮುಂದೆ ಇರುವ ಒಂದು ದೊಡ್ಡ ಕೆರೆಗೆ ಹೋಗಿ, ಕೆರೆ ಕಂಟ್ರಾಕ್ಟರನ ಒಪ್ಪಿಗೆ ಪಡೆದು, ಬಾಡಿಗೆ ದೋಣಿಯಲ್ಲಿ ಮೀನು ಹಿಡಿಯುತ್ತಾರೆ. ತೊಡೆಯಷ್ಟು ದಪ್ಪದ ಕೊರವ ಮೀನು ಎತ್ತಿ ಹಿಡಿದ ಫೋಟೋಗಳನ್ನು ನನಗೆ ತೋರಿಸಿದ್ದರು. ಕೇಳಿದ ಕೂಡಲೇ ನನ್ನನ್ನೂ ಸೇರಿಸಿಕೊಂಡರು.

ಹತ್ತು ದಿನ ಮೊದಲು ಮಂಜ ತರಿಸಿದ ಸಾಮಾನು ನಮ್ಮ ಮನೆಗೆ ಕೊರಿಯರಿನಲ್ಲಿ ಬಂತು. ಹಗಲು ಅವನ ಮನೆಗೆ ಬೀಗ, ಅದಕ್ಕೆ ನಮ್ಮ ವಿಳಾಸ ಕೊಟ್ಟಿದ್ದ. ಬಿಚ್ಚಿ ನೋಡಿದರೆ ರಬ್ಬರು! ರಬ್ಬರ್ ಹುಳು, ರಬ್ಬರ್ ಮೀನು, ಹಿಂದೆ ಎರಡು ಜುಟ್ಟು ಬಿಟ್ಟುಕೊಂಡ ರಬ್ಬರ್ ಕಪ್ಪೆ. ಒಂದು ಹುಳುವಿನ ಬಣ್ಣ ನೇರಳೆ, ಅದರ ಮೈಮೇಲೆ ಮಿನುಗು. ಈ ಭೂಮಿಯ ಮೇಲೆ ಮಿನುಗುವ ನೇರಳೆ ಎರೆಹುಳ ಯಾರಾದರೂ ನೋಡಿದ್ದೀರಾ? ನನಗೆ ಸಿಟ್ಟು ನೆತ್ತಿಗೇರಿತು. ಮಂಜನಿಗೆ ಫೋನು ಹಚ್ಚಿದೆ.

"ಏನೋ ಇದು, ಮಕ್ಕಳ ಆಟದ ಸಾಮಾನು ಕಳಿಸಿದಾರೆ!"

"ಅಣ್ಣ, ಗಾಳಕ್ಕೆ ಸಿಕ್ಕಿಸೋ ಬೈಟು ಅದೇ. ನೀರಲ್ಲಿ ಎಳೆದ್ರೆ ಜೀವ ಇರೋ ಥರಾನೇ ಆಡತ್ತೆ."

"ಅಂದ್ರೆ ಮೀನಿಗೆ ಮೋಸ ಮಾಡೋದಾ?"

"ಎರೆಹುಳ ಹಾಕಿದ್ರೆ ಅದೇನು ಅನ್ನದಾನನಾ ಅಣ್ಣ? ಸುಮ್ನೆ ಇಟ್ಟಿರಿ."

ಸುಮ್ಮನೆ ಇಟ್ಟಿರು ಅಂದರೆ ಇಡುವ ಜಾತಿ ನಾನಲ್ಲ. ನಾನು ಮೂವತ್ತೈದನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು. ಅಚ್ಚಾಗಿದ್ದನ್ನೆಲ್ಲ ಕೊನೆಯ ಅಕ್ಷರದವರೆಗೆ ಓದುತ್ತೇನೆ. ಪ್ಯಾಕೆಟ್ಟಿನ ಹಿಂದಿನ ಇಂಗ್ಲಿಷನ್ನು ಬೆರಳಿಟ್ಟು ಓದಿದೆ. ಇದನ್ನು ಇದೇ ಪ್ಯಾಕೆಟ್ಟಿನಲ್ಲಿಯೇ ಇಡತಕ್ಕದ್ದು, ಬೇರೆ ಪ್ಲಾಸ್ಟಿಕ್ ಜೊತೆ ಸೇರಿಸಕೂಡದು ಎಂದಿತ್ತು. ಅರ್ಥವಾಯಿತು. ಒಪ್ಪಿಗೆಯಾಗಲಿಲ್ಲ. ನಮ್ಮ ಸಾಮಾನು ನಾವು ಎಲ್ಲಿಡಬೇಕು ಎಂದು ಹೇಳಲು ಇವರು ಯಾರು? ಸರೋಜಳ ದೊಡ್ಡ ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು ಹುಳುಗಳನ್ನೂ ಮೀನುಗಳನ್ನೂ ಬಣ್ಣದ ಪ್ರಕಾರ ಜೋಡಿಸಿದೆ. ನೋಡಲು ಮಿಠಾಯಿ ಅಂಗಡಿಯ ಹಾಗಿತ್ತು. ಡಬ್ಬ ಹಿಡಿಸದೆ ಆರು ಕಪ್ಪೆ ಮಾತ್ರ ಪ್ಯಾಕೆಟ್ಟಿನಲ್ಲೇ ಉಳಿದವು. ಡಬ್ಬವನ್ನು ಫ್ರಿಜ್ಜಿನ ಮೇಲೆ, ಬೆಚ್ಚಗಿರಲಿ ಎಂದು ಇಟ್ಟೆ.

ಆಮೇಲೆ ಅದೇ ಕೊರಿಯರಿನಲ್ಲಿ ಬಂದ ಗಾಳಗಳ ಕಡೆ ತಿರುಗಿದೆ. ಒಟ್ಟು ಹನ್ನೆರಡು.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು. ಕಬ್ಬಿಣವನ್ನು ಕೊರೆದಾಗ, ಕತ್ತರಿಸಿದಾಗ ಅಂಚಿನಲ್ಲಿ ಒಂದು ಚೂಪು ಚೂರು ಎದ್ದು ನಿಲ್ಲುತ್ತದೆ. ಅದಕ್ಕೆ ನಾವು 'ಬರ್' ಅನ್ನುತ್ತೇವೆ. ಅರದಿಂದ ಉಜ್ಜಿ ಬರ್ ತೆಗೆಯದೆ ಸಾಮಾನು ಕಳಿಸಿದರೆ ಅದು ವಾಪಸ್ ಬರುತ್ತದೆ, ಜೊತೆಗೆ ಬೈಗುಳವೂ ಬರುತ್ತದೆ. ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸ ಅದೇ. ಈಗ ಈ ಗಾಳ ನೋಡಿದರೆ ಏನು ಹೇಳಲಿ! ಪ್ರತಿಯೊಂದರ ತುದಿಯ ಹತ್ತಿರ, ಒಳಬದಿಯಲ್ಲಿ, ಒಂದು ಚೂಪು ಮುಳ್ಳು ಹಿಂದಕ್ಕೆ ಎದ್ದು ನಿಂತಿದೆ. ಹನ್ನೆರಡಕ್ಕೆ ಹನ್ನೆರಡೂ ಹಾಗೆಯೇ!

"ನೋಡೇ ಸರೋಜ, ಹೊರದೇಶದ ಮಾಲಂತೆ! ಬರ್ ಕೂಡ ತೆಗೆದಿಲ್ಲ. ನಮ್ಮ ಸೂಪರ್‌ವೈಸರ್ ಆಗಿದ್ರೆ ಮುಖಕ್ಕೆ ಎಸೀತಿದ್ದ!"

"ಅದು ಹಾಗೇ ಇರಬೇಕೇನೋ. ಮಂಜನ್ನ ಒಂದು ಮಾತು ಕೇಳ್ರೀ."

"ಅವನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ. ಫಿನಿಶಿಂಗ್ ವಿಷಯ ಅವನಿಗೇನು ಗೊತ್ತು?"

ಮೂರು ಸಂಜೆ ಕೂತು, ಸಣ್ಣ ಅರದಲ್ಲಿ ಹನ್ನೆರಡು ಮುಳ್ಳನ್ನೂ ಉಜ್ಜಿ ತೆಗೆದೆ. ಉಪ್ಪುಕಾಗದದಲ್ಲಿ ತಿಕ್ಕಿ ಹೊಳಪು ಕೊಟ್ಟೆ. ತುಕ್ಕು ಹಿಡಿಯದಿರಲೆಂದು ಮಿಷಿನ್ ಎಣ್ಣೆ ಸವರಿದೆ. ಬೆರಳಲ್ಲಿ ಸವರಿದರೆ ರೇಷ್ಮೆ! ಇದನ್ನು ಮಂಜನಿಗೆ ಹೇಳಲಿಲ್ಲ. ದೊಡ್ಡ ಮೀನು ಸಿಕ್ಕ ಮೇಲೆ, "ಹೇಗಿದೆ ಫಿನಿಶಿಂಗ್?" ಎಂದು ಕೇಳಬೇಕೆಂದು ಆಸೆ ಇಟ್ಟುಕೊಂಡಿದ್ದೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕೆರೆಯ ಮೇಲಿದ್ದೆವು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿಕೊಂಡು ಮೂವರೂ ದೋಣಿಯಲ್ಲಿ ಕೂತೆವು. ಇಮ್ತಿಯಾಜ್ ಹುಟ್ಟು ಹಾಕಿದ. ಮಂಜ ಕೈ ಚಾಚಿದ. ನಾನು ಡಬ್ಬ ಕೊಟ್ಟೆ.

ಡಬ್ಬದ ಮುಚ್ಚಳ ಬರಲಿಲ್ಲ. ಇಬ್ಬರೂ ಸೇರಿ ಎಳೆದಾಗ ಮುಚ್ಚಳದ ಜೊತೆಗೆ ಒಳಗಿದ್ದದ್ದೂ ಎದ್ದು ಬಂತು. ಹುಳು, ಮೀನು, ನೇರಳೆ, ಹಸಿರು ಎಲ್ಲ ಕರಗಿ ಅಂಟಿಕೊಂಡು ಒಂದೇ ಉಂಡೆಯಾಗಿತ್ತು! ಡಬ್ಬದ ತಳವೂ ಕರಗಿ ಅದರ ಜೊತೆ ಸಂಸಾರ ಹೂಡಿತ್ತು.

"ಅಣ್ಣ!" ಎಂದು ಮಂಜ ಕೂಗಿದ. "ಪ್ಯಾಕೆಟ್ಟಿಂದ ತೆಗೆದ್ರಾ? ಇದನ್ನ ಬೇರೆ ಪ್ಲಾಸ್ಟಿಕ್ ಜೊತೆ ಇಟ್ರೆ ಕರಗಿ ಹೋಗತ್ತೆ. ಪ್ಯಾಕೆಟ್ ಮೇಲೆ ಬರ್ದಿರ್ತಾರಲ್ಲ!"

"ಬರೆದಿದ್ದು ಓದಿದೆ."

"ಓದಿದ್ರಾ?"

"ಓದಿದೆ ಕಣೋ. ಕಾರಣ ಬರೆದಿರ್ಲಿಲ್ಲ!"

ಕಾರಣ ಬರೆಯದ ಕಂಪನಿಯ ಮೇಲೆ ನನಗೆ ಈಗಲೂ ಸಿಟ್ಟಿದೆ. ಇಮ್ತಿಯಾಜ್ ಸಮಾಧಾನದ ಮನುಷ್ಯ. "ಜಾನೇ ದೋ ಮಂಜು, ಕಪ್ಪೆ ಐತಲ್ಲ. ಕೊರವ ಕಪ್ಪೆಗೇ ಜಾಸ್ತಿ ಬೀಳೋದು" ಅಂದ. ಆರು ಕಪ್ಪೆಗಳನ್ನೂ ನಾನೇ ಗಾಳಕ್ಕೆ ಪೋಣಿಸಿದೆ. ರಬ್ಬರ್ ಹೊಟ್ಟೆಯೊಳಗೆ ಗಾಳದ ತುದಿ ಅಡಗಿಕೊಂಡಿತು. ಯಾರೂ ನೋಡಲಿಲ್ಲ.

ಹೂಳಿನ ಪಕ್ಕ ಜೊಂಡು ಬೆಳೆದ ಕಡೆ ಮಂಜ ಮೊದಲ ಕಪ್ಪೆ ಎಸೆದ. ಕಪ್ಪೆ ನೀರಿನ ಮೇಲೆ ಕುಪ್ಪಳಿಸಿಕೊಂಡು ಬಂತು. ಒಪ್ಪಲೇಬೇಕು, ಜೀವವಿದ್ದ ಹಾಗೇ ಇತ್ತು. ದಡಾರ್ ಎಂದು ನೀರು ಒಡೆಯಿತು! ರಾಡು ಬಿಲ್ಲಿನಂತೆ ಬಾಗಿತು. "ಬಂತು, ಬಂತು, ದೊಡ್ಡದು!" ಎಂದು ಮೂವರೂ ಕೂಗಿದೆವು. ನಾನಂತೂ ಸರೋಜಳಿಗೆ ಫೋನ್ ಮಾಡಿ, "ಮಸಾಲೆ ರುಬ್ಬು!" ಅಂದುಬಿಟ್ಟೆ. ಫೋನು ಜೇಬಿಗೆ ಸೇರುವಷ್ಟರಲ್ಲಿ ಮೀನು ಒಮ್ಮೆ ಮೇಲೆ ಹಾರಿ ತಲೆ ಕೊಡವಿತು. ದಾರ ಸಡಿಲವಾಯಿತು. ಮೀನಿಲ್ಲ!

"ಹೋಗ್ಲಿ, ಒಂದೊಂದು ಹಾಗಾಗತ್ತೆ" ಅಂದ ಮಂಜ.

ಒಂದಲ್ಲ. ಎರಡನೆಯದು ದೋಣಿಯ ಪಕ್ಕದವರೆಗೆ ಬಂದು, ನನ್ನ ಮುಖ ನೋಡಿ, ಹೋಯಿತು. ಮೂರನೆಯದು ರಬ್ಬರ್ ಕಪ್ಪೆಯನ್ನೂ ಗಾಳದಿಂದ ಕಳಚಿಕೊಂಡು ಹೋಯಿತು. ನಾಲ್ಕನೆಯದನ್ನು ನಾನೇ ಎಳೆದಿದ್ದೆ. ಅದರ ಬಾಯಿ, ಕಣ್ಣು, ಹೊಟ್ಟೆ ಎಲ್ಲ ಕಂಡಿತ್ತು. ಬಲೆ ಹಿಡಿದು ಬಗ್ಗಿದ ಇಮ್ತಿಯಾಜನ ಕೈಗೆ ನೀರು ಸಿಕ್ಕಿತು. ನನಗೆ ಮೀನಿನ ಮೇಲೆ ರೇಗಿತು, ಕೆರೆಯ ಮೇಲೆ ರೇಗಿತು, ಮಂಜನ ರಾಡಿನ ಮೇಲೆ ರೇಗಿತು. "ನಿಮ್ಮ ಎಳೆಯೋ ರೀತಿನೇ ಸರಿಯಿಲ್ಲ! ಕಸುಬು ಅಂದ್ರೆ ಶ್ರದ್ಧೆ ಬೇಕು!" ಎಂದು ಇಬ್ಬರಿಗೂ ಒಂದು ಸಣ್ಣ ಭಾಷಣ ಮಾಡಿದೆ. ಭಾಷಣದ ಕೊನೆಗೆ ಶ್ರದ್ಧೆಯಿಂದ ರಾಡು ಹಿಂದಕ್ಕೆ ಬೀಸಿದೆ.

"ಅಯ್ಯೋ ಅಮ್ಮಾ!" ಎಂದ ಇಮ್ತಿಯಾಜ್.

ಗಾಳ ಅವನ ತೋಳಿಗೆ, ಅಂಗಿ ಸಮೇತ ನಾಟಿತ್ತು. ಮಂಜ ಬಿಳಿಚಿಕೊಂಡ. "ಎಳೀಬೇಡಿ ಅಣ್ಣ! ಎಳೆದ್ರೆ ಮಾಂಸ ಕಿತ್ಕೊಂಡ್ ಬರತ್ತೆ. ಡಾಕ್ಟ್ರೇ ಕತ್ತರಿಸಿ ತೆಗೀಬೇಕು!"

ಆದರೆ ನಾನು ಆಗಲೇ ಎಳೆದಾಗಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

ಇಮ್ತಿಯಾಜ್ ತೋಳು ನೋಡಿಕೊಂಡ. ಒಂದು ಹನಿ ರಕ್ತ. ಗಾಳ ನೋಡಿದ. ಅದನ್ನು ಬೆಳಕಿಗೆ ಹಿಡಿದ. "ಮಂಜು," ಅಂದ ಮೆಲ್ಲಗೆ, "ಇದ್ರಲ್ಲಿ ಮುಳ್ಳೇ ಇಲ್ಲ."

ಮಂಜ ಉಳಿದ ಕಪ್ಪೆಗಳ ಹೊಟ್ಟೆ ಬಗೆದು ನೋಡಿದ. ಚೀಲದಲ್ಲಿ ಉಳಿದಿದ್ದ ಗಾಳಗಳನ್ನೂ ನೋಡಿದ. ಕೊನೆಗೆ ನನ್ನನ್ನು ನೋಡಿದ.

"ಬರ್ ಇತ್ತು. ತೆಗೆದೆ" ಅಂದೆ.

"ಅಣ್ಣ, ಅದು ಬರ್ ಅಲ್ಲ." ಅವನು ಗಾಳವನ್ನು ನನ್ನ ಕಣ್ಣೆದುರು ಹಿಡಿದ. "ಒಳಗೆ ಹೋದ ಗಾಳ ವಾಪಸ್ ಬರಬಾರದು ಅಂತ ಇರೋ ಮುಳ್ಳು ಅದು. ಅದೊಂದೇ ಮೀನನ್ನ ಹಿಡಿದಿಡೋದು. ಗಾಳ ಅಂದ್ರೇನೇ ಅದು!"

"ಹನ್ನೆರಡೂ ತೆಗೆದ್ಯಾ ಭಾಯ್?" ಎಂದು ಇಮ್ತಿಯಾಜ್ ಕೇಳಿದ.

"ಹನ್ನೆರಡೂ" ಅಂದೆ. ಅರ್ಧಂಬರ್ಧ ಕೆಲಸ ನನಗೆ ಆಗುವುದಿಲ್ಲ.

ಆ ಮುಳ್ಳಿದ್ದಿದ್ದರೆ ಇಮ್ತಿಯಾಜ್ ಈಗ ಆಸ್ಪತ್ರೆಯಲ್ಲಿರುತ್ತಿದ್ದ ಎಂಬ ವಿಷಯವನ್ನು ನಾನು ಅವರ ಗಮನಕ್ಕೆ ತಂದೆ. ಕೃತಜ್ಞತೆಯ ಒಂದು ಮಾತು ಬೇಡವೇ? ಬರಲಿಲ್ಲ. ಆಮೇಲೆ ಮಧ್ಯಾಹ್ನದವರೆಗೂ ಪ್ರಯತ್ನಿಸಿದೆವು. ಇನ್ನೂ ಮೂರು ಮೀನು ಕಚ್ಚಿದವು, ಮೂರೂ ಕೊಡವಿಕೊಂಡು ಹೋದವು. ಸುದ್ದಿ ಆ ಕೆರೆಯ ಮೀನುಗಳಿಗೆಲ್ಲ ಹಬ್ಬಿರಬೇಕು!

ವಾಪಸ್ ಬರುವ ದಾರಿಯಲ್ಲಿ ಮನೆಯ ಲೆಕ್ಕ ಹಾಕಿದೆ. ಒಲೆಯ ಮೇಲೆ ಮಸಾಲೆ ಕುದಿಯುತ್ತಿರುತ್ತದೆ. ಅತ್ತೆ ಬಂದು ಕೂತಿರುತ್ತಾರೆ. ಇನ್ನೊಂದು ತಿಂಗಳು ಮೀನಿಲ್ಲ. ಕೃಷ್ಣನಂತೂ ಇನ್ನೊಂದು ಹನ್ನೆರಡು ವರ್ಷಕ್ಕೆ ಬೇಕಾದಷ್ಟು ಸರಕು ತುಂಬಿಕೊಳ್ಳುತ್ತಾನೆ. ಕೊನೆಗೆ ನಾಚಿಕೆ ಬಿಟ್ಟು, "ಮಂಜ, ಮೀನಂಗಡಿ ಹತ್ರ ಗಾಡಿ ನಿಲ್ಸು" ಅಂದೆ. ಮೊದಲನೆಯ ಅಂಗಡಿಯವನು ಮೀನು ಕೊಯ್ಯುವ ಕಲ್ಲು ತೊಳೆಯುತ್ತಿದ್ದ. "ಶ್ರಾವಣಕ್ಕೆ ಮುಂಚಿನ ಭಾನುವಾರ ಸಾರ್, ಹತ್ತು ಗಂಟೆಗೇ ಖಾಲಿ." ಎರಡನೆಯವನ ಹತ್ತಿರ ಐಸ್ ಮಾತ್ರ ಉಳಿದಿತ್ತು. ಮೂರನೆಯ ಅಂಗಡಿಯ ಶಟರ್ ಎಳೆದಿತ್ತು. ಮಟನ್ ಅಂಗಡಿಯ ಕೊಕ್ಕೆಗಳೂ ಖಾಲಿ. ನನ್ನಂಥ ಒಬ್ಬ ಪ್ರಾಮಾಣಿಕ ಮನುಷ್ಯ ಮೋಸ ಮಾಡಲು ನಿರ್ಧರಿಸಿದ ದಿನ ಇಡೀ ಮಾಗಡಿ ರಸ್ತೆಯಲ್ಲಿ ಒಂದು ಮೀನಿಲ್ಲ! ಇದು ಯಾವ ನ್ಯಾಯ?

ಮನೆ ತಲುಪಿದಾಗ ಮೂರೂಕಾಲು. ಮೆಟ್ಟಿಲ ಬುಡಕ್ಕೇ ಮೀನು ಮಸಾಲೆಯ ವಾಸನೆ ಬಂತು. ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡಿದ್ದೆ. ಕೃಷ್ಣ ಒಂದು ಅಂದರೆ ನಾನು ನಾಲ್ಕು ಅನ್ನಬೇಕು. ಗಾಳ ಕಂಪನಿ, ರಬ್ಬರ್ ಕಂಪನಿ, ಮಂಜನ ಕಸುಬು, ಎಲ್ಲದರ ಮೇಲೂ ಆರೋಪಪಟ್ಟಿ ಸಿದ್ಧವಾಗಿತ್ತು.

ಬಾಗಿಲು ತೆಗೆದವನು ಕೃಷ್ಣನೇ. ನನ್ನ ಕೈಯಲ್ಲಿದ್ದ ಖಾಲಿ ಚೀಲ ನೋಡಿದ. ಬಿಸಿಲಿಗೆ ಸುಟ್ಟ ಮೂಗು ನೋಡಿದ. ನಾನು ಎದೆಯುಬ್ಬಿಸಿ, "ನೋಡು ಕೃಷ್ಣ, ವಿಷಯ ಏನಂದ್ರೆ, ಗಾಳದಲ್ಲಿ ಬರ್ ಇತ್ತು" ಎಂದು ಶುರುಮಾಡಿದೆ. ಮುಳ್ಳು, ಅರ, ಹೊಳಪು, ಏಳು ಮೀನು, ಎಲ್ಲವನ್ನೂ ಹೇಳಿ ಮುಗಿಸಿದೆ. ಅವನು ನಗಲಿಲ್ಲ.

"ಅಮ್ಮ, ಭಾವ ಬಂದ್ರು" ಎಂದು ಒಳಗೆ ಕೂಗಿ ನನ್ನ ಕೈಯಿಂದ ಚೀಲ ತೆಗೆದುಕೊಂಡ.

ಸರೋಜ ಎರಡು ಗಂಟೆಯವರೆಗೆ ಕಾದು, ಆಮೇಲೆ ಅದೇ ಮಸಾಲೆಗೆ ಹನ್ನೆರಡು ಮೊಟ್ಟೆ ಬೇಯಿಸಿ ಬಿಟ್ಟಿದ್ದಳು. ಯಾರೂ ಊಟ ಮಾಡಿರಲಿಲ್ಲ. ಎಲ್ಲರೂ ಕೂತೆವು. ಅತ್ತೆ ಮುದ್ದೆ ಮುರಿದು, ಸಾರಲ್ಲಿ ಅದ್ದಿ, "ಹುಳಿ ಸರಿಯಾಗಿ ಬಿದ್ದಿದೆ. ಕಣ್ಣು ಮುಚ್ಕೊಂಡ್ರೆ ಮೀನಿನ ಸಾರೇ ಕಣಪ್ಪ" ಅಂದರು. ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಒಂದು ತುತ್ತು ನುಂಗಿದರು.

ನಾನು ಕೃಷ್ಣನನ್ನೇ ನೋಡುತ್ತಿದ್ದೆ. ಈಗ ಅಂತಾನೆ, ಈಗ ಅಂತಾನೆ ಎಂದು ಕಾದೆ. ಅನ್ನಲಿ, ಅಂದರೆ ನಾನೂ ನಾಲ್ಕು ಅಂದು ಹಗುರಾಗುತ್ತೇನೆ. ಅವನು ತನ್ನ ತಟ್ಟೆಯಿಂದ ಒಂದು ಮೊಟ್ಟೆ ಎತ್ತಿ ನನ್ನ ತಟ್ಟೆಗೆ ಹಾಕಿದ.

"ತಿನ್ನಿ ಭಾವ. ಪಾಪ, ಬೆಳಗ್ಗೆಯಿಂದ ಬಿಸಿಲಲ್ಲಿ ಕೂತಿದ್ರಿ."

ಪಾಪ! ಹನ್ನೆರಡು ವರ್ಷ ನನ್ನನ್ನು ಬಿಡದೆ ಗೇಲಿ ಮಾಡಿದ ಮನುಷ್ಯ ನನಗೆ ಪಾಪ ಅಂದ! ಗೇಲಿ ಮಾಡುವುದಕ್ಕೂ ಲಾಯಕ್ಕಿಲ್ಲದ ಮಟ್ಟಕ್ಕೆ ನಾನು ಇಳಿದಿದ್ದೆ. ಇದಕ್ಕೆ ನನ್ನ ತೀವ್ರ ವಿರೋಧವಿದೆ. ಆಗಲೇ ಎದ್ದು ನಿಂತು ಹೇಳಬೇಕೆಂದಿದ್ದೆ. ಆದರೆ ಬಾಯಲ್ಲಿ ಅವನು ಕೊಟ್ಟ ಮೊಟ್ಟೆ ಇತ್ತು.