ಬಾಣಂತಿ ಕೋಣೆಗೆ ನಾನು ಮುಟ್ಟಿಸಿದ ಗಾಳಿ

ನೀರು ಹರಿಯಲಿ, ಗಾಳಿ ಹರಿಯಲಿ, ನಿಯಮ ಒಂದೇ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಕಾಲುವೆಗಳ ಉಸ್ತುವಾರಿಯಲ್ಲಿ ತಲೆಗೂದಲು ಕಳೆದುಕೊಂಡು ನಿವೃತ್ತನಾದವನು ನಾನು. ಇಂಡಿ, ಮುದ್ದೇಬಿಹಾಳದ ಕಡೆ ಕೊನೆಯ ಹೊಲಕ್ಕೂ ನೀರು ಮುಟ್ಟಿಸಿದವನಿಗೆ, ಸಿಂದಗಿಯ ಸ್ವಂತ ಮನೆಯಲ್ಲಿ ಪಡಸಾಲೆಯಿಂದ ಹಿಂದಿನ ಕೋಣೆಗೆ ಒಂದಿಷ್ಟು ಗಾಳಿ ಮುಟ್ಟಿಸುವುದು ಯಾವ ಲೆಕ್ಕ?

ಕಾರಣವೂ ಘನವಾಗಿತ್ತು. ಮಗಳು ರಾಜೇಶ್ವರಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೊರಗೆ ಬೇಸಿಗೆ. ನಮ್ಮ ಬಾಣಂತಿ ಕೋಣೆಗೆ ಕಿಟಕಿ ಎಂಬುದೇ ಇಲ್ಲ. ನನ್ನ ಹೆತ್ತವ್ವ ಅದರೊಳಗೇ ನನ್ನನ್ನು ಬೇಯಿಸಿ ಹೊರಗೆ ತಂದದ್ದು. ಮೊಮ್ಮಗನಿಗೆ ಆ ಗತಿ ಬರಬಾರದೆಂದು ಪಡಸಾಲೆಯ ಏಕೈಕ ದೊಡ್ಡ ಕಿಟಕಿಗೆ ಕೂಲರ್ ಕೂರಿಸಿ, ಅಲ್ಲಿಂದ ಕೋಣೆಯ ತನಕ ಅಟ್ಟದ ಕೆಳಗೆ ತಗಡಿನ ಡಕ್ಟ್ ಹಾಕಿಸಿದೆ. ನೋಡಲು ಆನೆಯ ಸೊಂಡಿಲಿನಂತಿತ್ತು. ನನಗೆ ಮಾತ್ರ ಕಾಲುವೆಯಂತೆ ಕಂಡಿತು.

"ಬಾಣಂತಿಗೆ ಗಾಳಿ ಬಡೀಬಾರ್ದ್ರೀ," ಎಂದಳು ನನ್ನ ಹೆಂಡತಿ ಶಾಂತವ್ವ.

"ಇದು ಬಡಿಯೋ ಗಾಳಿ ಅಲ್ಲ. ಹರಿಯೋ ಗಾಳಿ!" ಎಂದೆ.

ಕೂಲರ್ ಚಾಲೂ ಆಯಿತು. ತಂಪು ಗಾಳಿ ಕೋಣೆಗೆ ಮುಟ್ಟಿತು. "ಅಪ್ಪಾ, ಭಾರಿ ಛಲೋ ಆತು ನೋಡು!" ಎಂದು ಒಳಗಿನಿಂದ ಮಗಳ ದನಿ ಬಂತು. ನನ್ನ ಬಾಳಿನ ಆ ಸುವರ್ಣಯುಗ ಮಧ್ಯಾಹ್ನದ ಊಟದವರೆಗೆ ನಡೆಯಿತು. ಊಟದ ಹೊತ್ತಿಗೆ ಪಕ್ಕದ ಮನೆಯ ಗುರುಬಸವ್ವ ಕಾಕು ಬಂದಳು.

ಕಾಕು ಕನ್ನೊಳ್ಳಿಯವಳು. ಓಣಿಯ ಅರ್ಧ ಮಕ್ಕಳನ್ನು ತಾನೇ ಎರೆದು ಬೆಳೆಸಿದವಳು. ಕೋಣೆಯೊಳಗೆ ಕಾಲಿಟ್ಟವಳೇ ಕೂಗಿದಳು.

"ಅಯ್ಯ ನಮ್ಮವ್ವಾ! ಹಸಿಮೈಗೆ ಗಾಳಿ! ಏ ತಮ್ಮಾ, ಮಗಳಿಗೆ ಸನ್ನಿ ಹಿಡಸಾಕ ಈ ತಗಡಾ ಹಾಕ್ಸಿಯೇನು?"

ಮುಂದೆ ಒಳಗೆ ಏನೇನು ನಡೆಯಿತೋ ನನಗೆ ಗೊತ್ತಾಗಲಿಲ್ಲ. ನಮ್ಮಲ್ಲಿ ಬಾಣಂತಿ ಕೋಣೆಗೆ ಗಂಡಸರ ಪ್ರವೇಶ ನಿಷಿದ್ಧ. ಆದ್ದರಿಂದ ನಾನು ಬಾಗಿಲ ಹೊರಗಿನಿಂದಲೇ ಆಡಳಿತ ನಡೆಸುತ್ತಿದ್ದೆ. ಕೂಲರ್ ಬಂದ್ ಮಾಡಲು ನಾನು ಒಪ್ಪಲಿಲ್ಲ, ಅಷ್ಟೇ.

ಮರುದಿನ ಒಳಗಿನಿಂದ ಮಗಳು, "ಅಪ್ಪಾ, ಗಾಳೀನ ಬರವಲ್ದು" ಎಂದಳು. ಕೂಲರ್ ಮಾತ್ರ ಗುಂಯ್ ಎನ್ನುತ್ತಿತ್ತು. ಹಾಗಾದರೆ ಗಾಳಿ ಎಲ್ಲಿ ಹೋಯಿತು? ಕಾಲುವೆಯಾಗಿದ್ದರೆ ಯಾರೋ ನಡುವೆ ಪಂಪು ಇಟ್ಟಿದ್ದಾರೆ ಎನ್ನಬಹುದಿತ್ತು. ಗಾಳಿಯನ್ನು ಯಾರು ಕದಿಯುತ್ತಾರೆ? ಡಕ್ಟ್ ಬಡಿದು ನೋಡಿದೆ. ಕಿವಿಯಿಟ್ಟು ಕೇಳಿದೆ. ಏನೂ ತಿಳಿಯಲಿಲ್ಲ.

ನಾನು ಏಣಿಯ ಮೇಲೆ ಈ ಗೊಂದಲದಲ್ಲಿರುವಾಗಲೇ ಕೆಳಗೆ ನಿಜವಾದ ಸಂಕಟ ಶುರುವಾಗಿತ್ತು. ಮಗಳ ಒಂದು ಎದೆಯಲ್ಲಿ ಗಂಟು ಕಟ್ಟಿತ್ತು. ಮುಟ್ಟಿದರೆ ನೋವು. ಆ ಕಡೆ ಕೂಸಿಗೆ ಹಾಲೇ ಸರಿಯಾಗಿ ಬರುತ್ತಿಲ್ಲ. ಅದು ಬಾಯಿ ಹಚ್ಚುವುದು, ಬಿಡುವುದು, ಚೀರುವುದು. ಕೂಸು ಅತ್ತರೆ ತಾಯಿ ಅಳುವುದು. ಇಬ್ಬರೂ ಅತ್ತರೆ ಶಾಂತವ್ವ ಹೊರಗೆ ಬಂದು ನನ್ನನ್ನು ನೋಡುವುದು.

"ಆತಲ್ಲ ನಿಮ್ಮ ಸಮಾಧಾನ? ನಿಮ್ಮ ಗಾಳಿ ಬಡದು ಹಾಲು ಹೆಪ್ಪುಗಟ್ಟೇತಿ!"

"ಗಾಳಿ ಬರವಲ್ದಂತಲ್ಲ! ಬರಲಾರದ ಗಾಳಿ ಹ್ಯಾಂಗ ಬಡೀತೈತಿ?"

ಅವಳು ಯಾಕೋ ಮುಖ ಆ ಕಡೆ ತಿರುಗಿಸಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಒಳಗಿನಿಂದ ಕಾಕುವಿನ ತೀರ್ಮಾನ ಕೇಳಿಸಿತು. "ಎದಿಗೆ ಸೀರಿ ಇನ್ನಷ್ಟು ಬಿಗಿ ಸುತ್ತು ಶಾಂತಾ. ಆ ಕಡೇದು ಕೂಸಿಗೆ ಕೊಡಬ್ಯಾಡ. ನಾ ಎಣ್ಣಿ ಹಚ್ಚಿ ಗಟ್ಟಿ ತಿಕ್ತೇನಿ, ಗಂಟು ಒಡದ ಹೋಗ್ಲಿ."

"ಬ್ಯಾಡ ಆಯಿ, ತಿಕ್ಕಬ್ಯಾಡ! ಜೀವ ಹೋಗ್ತೈತಿ!" ಎಂದು ಮಗಳು ಚೀರಿದಳು. "ಅಪ್ಪಾ, ನೀನರೆ ಏನಾರ ಮಾಡೋ!"

ಮಗಳು ಕರೆದಾಗ ತಂದೆಯಾದವನು ಸುಮ್ಮನಿರಬಾರದು. ಏನಾದರೂ ಮಾಡಲೇಬೇಕು. ನನಗೆ ಗೊತ್ತಿದ್ದದ್ದು ಒಂದೇ. ಡಕ್ಟ್ ರಿಪೇರಿ! ಗಾಳಿ ಸರಿಯಾದರೆ ಸೆಕೆ ಹೋಗುತ್ತದೆ, ಸೆಕೆ ಹೋದರೆ ಸಂಕಟ ಹೋಗುತ್ತದೆ, ಸಂಕಟ ಹೋದರೆ ಹಾಲು ಬರುತ್ತದೆ. ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಏಣಿ ಹತ್ತಿ, ಡಕ್ಟಿನ ನಡುವಿನ ಜೋಡು ಬಿಚ್ಚಿ, ಉದ್ದನೆಯ ಬಿದಿರಿನ ಗಳ ತೂರಿಸಿ ಹೊಡೆದೆ. ತುದಿಗೆ ಏನೋ ಮೆತ್ತನೆಯದು ತಾಗಿತು. ಹೂಳು! ಇನ್ನೆರಡು ಸಲ ತಿವಿದೆ. ಸಡಿಲಾಯಿತು. ಜೋಡು ಕೂಡಿಸಿ, ಇಳಿದು ಬಂದು, ಕಾಲುವೆಯ ಗೇಟು ಪೂರ್ತಿ ಎತ್ತುವವನಂತೆ ಕೂಲರ್ ಅನ್ನು ಪೂರಾ ಜೋರಿಗೆ ತಿರುವಿದೆ.

ಒಳಗೆ ಧಡ್ ಎಂದಿತು. ಆಮೇಲೆ ಕಾಕು ಕೂಗಿದಳು. ಆಮೇಲೆ ಬಾಗಿಲು ತೆರೆದುಕೊಂಡು ಒಂದು ಬಿಳಿ ಮೋಡ ಹೊರಗೆ ಬಂತು. ಮೋಡದ ಹಿಂದೆ ಮೂವರು ಹೆಂಗಸರು!

ಮಗಳು ನಿದ್ದೆಯಲ್ಲಿದ್ದಾಗ ಶಾಂತವ್ವ ಡಕ್ಟಿನ ಬಾಯೊಳಗೆ, ಕಾಣದಂತೆ, ಒಂದು ಹಳೆಯ ತಲೆದಿಂಬು ತುರುಕಿದ್ದಳು. ನನ್ನ ಗಳಕ್ಕೆ ಅದರ ಹೊಟ್ಟೆ ಹರಿದಿತ್ತು. ದಿಂಬು ನೆಟ್ಟಗೆ ಹಾರಿ, ಲೋಬಾನ ಹಾಕುತ್ತಿದ್ದ ಶಗಡಿಯ ಆರಿದ ಬೂದಿಯಲ್ಲಿ ಬಿದ್ದಿತ್ತು. ಅರಳೆ ಮೇಲಕ್ಕೆ, ಬೂದಿ ನಾಲ್ಕೂ ದಿಕ್ಕಿಗೆ. ಪುಣ್ಯಕ್ಕೆ ಕೂಸು ಪಡಸಾಲೆಯ ತೊಟ್ಟಿಲಲ್ಲಿ ಅತ್ತು ಅತ್ತು ಮಲಗಿತ್ತು.

ಮಗಳು ಕೆಮ್ಮುತ್ತಾ ಕಣ್ಣೊರೆಸಿಕೊಂಡು ಹೇಳಿದಳು: "ಇನ್ನ ನಿಮ್ಮೆಲ್ಲಾರ ಇಲಾಜೂ ಸಾಕು. ನನ್ನ ದವಾಖಾನಿಗೆ ಕರಕೊಂಡು ನಡ್ರಿ!"

ಡಾಕ್ಟರಮ್ಮ ಬೂದಿ ಬಡಿದ ನಮ್ಮ ಪರಿವಾರವನ್ನು ನೋಡಿ, ಮೊದಲು ಯಾರನ್ನು ಪರೀಕ್ಷಿಸುವುದೆಂದು ಸ್ವಲ್ಪ ಯೋಚಿಸಿದರು. ಆಮೇಲೆ ಮಗಳನ್ನು ಒಳಗೆ ಕರೆದೊಯ್ದು ನೋಡಿ ಬಂದರು.

"ಹಾಲಿನ ನಾಳ ಒಂದು ಕಟ್ಟೇತ್ರಿ. ಹೆದರಬ್ಯಾಡ್ರಿ. ಗಟ್ಟಿ ತಿಕ್ಕಬ್ಯಾಡ್ರಿ. ಕೂಸಿಗೆ ಬೇಕಾದಾಗೆಲ್ಲ ಎರಡೂ ಕಡೆ ಕುಡಿಸ್ರಿ. ಕುಡಿಸಿದ ಮ್ಯಾಲೆ ತಣ್ಣೀರಾಗ ಅದ್ದಿದ ಅರಿವಿ ಇಡ್ರಿ. ಜ್ವರ ಬಂದ್ರ, ಎದಿ ಕೆಂಪಾದ್ರ, ತಡಾ ಮಾಡಲಾರದ ಬರ್ರಿ."

"ಗಾಳಿಯಿಂದ ಆಗಿದ್ದೇನ್ರಿ?" ಎಂದು ಶಾಂತವ್ವ ನನ್ನನ್ನೇ ನೋಡುತ್ತಾ ಕೇಳಿದಳು.

"ಗಾಳಿಗೂ ಇದಕ್ಕೂ ಸಂಬಂಧಾ ಇಲ್ರಿ."

ನಾನು ಎದೆಯುಬ್ಬಿಸಿ ನಿಂತೆ. "ಕೇಳಿದ್ಯಾ? ಸಂಬಂಧಾ ಇಲ್ಲ!"

"ಎದಿಗೆ ಸೀರಿ ಅಷ್ಟು ಬಿಗಿ ಸುತ್ತಿದ್ರಲ್ಲ, ಅದರಿಂದ ಒತ್ತಿ ನಾಳ ಕಟ್ಟಿರಬೇಕು. ಯಾಕ ಹಂಗ ಸುತ್ತಿದ್ರಿ?" ಎಂದರು ಡಾಕ್ಟರಮ್ಮ.

ಶಾಂತವ್ವ ನಿಧಾನವಾಗಿ, ಸಾಕ್ಷಿ ಹೇಳುವವಳಂತೆ ಹೇಳಿದಳು. "ಇವ್ರು ಮನ್ಯಾಗ ತಗಡು ಹಾಕ್ಸಿ ಗಾಳಿ ಬಿಟ್ಟಾರ್ರಿ. ಆ ಗಾಳಿ ಎದಿಗೆ ಬಡದೀತಂತ ಹೆದರಿ ಸುತ್ತಿದ್ನಿರಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನನ್ನ ಎದೆ ತನ್ನಷ್ಟಕ್ಕೆ ತಾನೇ ಇಳಿಯಿತು.

ಮನೆಗೆ ಬಂದ ಮೇಲೆ ಮಗಳು ಸಡಿಲ ಅಂಗಿ ತೊಟ್ಟು ಪಡಸಾಲೆಯಲ್ಲೇ ಕೂತಳು. ನಾನು ಮೆಲ್ಲಗೆ ಕೇಳಿದೆ. "ಕೂಲರ್ ಹಚ್ಚಲೇನವ್ವಾ?"

"ಬ್ಯಾಡಪಾ. ಅದನ್ನ ತಗದು ಕಿಟಕಿ ತೆರಿ."

ಕೂಲರ್ ಇಳಿಸಿ ಕಿಟಕಿ ತೆರೆದೆ. ಹೊತ್ತು ಮುಳುಗುವ ವೇಳೆಯ ತಂಪು ಗಾಳಿ, ತಗಡಿಲ್ಲದೆ, ಕರೆಂಟಿಲ್ಲದೆ, ನನ್ನ ಮೇಲ್ವಿಚಾರಣೆಯಿಲ್ಲದೆ ಒಳಗೆ ಬಂತು. ಪಡಸಾಲೆ ತುಂಬಿತು. ನಾನು ಜಗುಲಿಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಕೂಸಿನ ಚೀರಾಟ ನಿಂತಿತು. ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿಸಿತು. ಎರಡು ದಿನಕ್ಕೆ ಗಂಟು ಕರಗಿತು. ಕಾಕು ಮಾತ್ರ, "ತಿಕ್ಕಿದ್ರ ಒಂದ ದಿನಕ್ಕ ಹೋಗ್ತಿತ್ತು" ಎಂದು ಇವತ್ತಿಗೂ ಓಣಿಯಲ್ಲಿ ಹೇಳುತ್ತಾಳೆ.

ಡಕ್ಟ್ ಇನ್ನೂ ಇದೆ. ಶಾಂತವ್ವ ಅದರ ಉದ್ದಕ್ಕೂ ಹಗ್ಗ ಕಟ್ಟಿ ಕೂಸಿನ ಲಂಗೋಟಿ ಹರವುತ್ತಾಳೆ. ಬಂದವರು ಇದೇನೆಂದು ಕೇಳಿದರೆ, "ಅರಿವಿ ಒಣಗಸಾಕಂತ ನಮ್ಮವರ ಮಾಡ್ಸ್ಯಾರ್ರಿ" ಎನ್ನುತ್ತಾಳೆ.

ಬೇಗ ಒಣಗುತ್ತವೆ. ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತದಲ್ಲ!