ಸೋರಿಹೋದ ವಿದ್ಯುತ್ತು

ಸುಮ್ಮನೆ ಕೂಡುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಊಟಕ್ಕೆ ಕುಂತರೂ ಕಾಲು ಅಲುಗಾಡುತ್ತದೆ. ಇಂಥವನನ್ನು ಕುಷ್ಟಗಿಯ ಒಂದು ಶಾಲೆಯಲ್ಲಿ ಹಂಗಾಮಿ ವಿಜ್ಞಾನ ಮಾಸ್ತರನನ್ನಾಗಿ ಮಾಡಿ, ಖಾಯಂ ಯಾವಾಗ ಎಂದು ಹೇಳದೆ ಬಿಟ್ಟರೆ ಗತಿಯೇನು? ಯಲಬುರ್ಗಾದ ನನ್ನ ಮಾವನವರಂತೂ, "ನೌಕರಿ ಖಾಯಂ ಆಗ್ಲಿ, ಆಮ್ಯಾಲ ಮಗಳನ್ನ ಕಳಸ್ತೀನಿ" ಎಂದು ಹೆಂಡತಿಯನ್ನು ತವರಿನಲ್ಲೇ ಇಟ್ಟುಕೊಂಡಿದ್ದರು. ನಿಜಾಮರ ಸರಕಾರದ ತಪಾಸಣೆಯ ಸಾಹೇಬರು ಪಾಠ ನೋಡಲು ಬರುತ್ತಾರೆ, ಮೆಚ್ಚಿದರೆ ಖಾಯಂ ಎಂದು ತಿಳಿದಾಗಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ವಿದ್ಯುತ್ತನ್ನು ಕೂಡಿಡುವ ಭರಣಿಯನ್ನು ಮಾಡಿ ತೋರಿಸುವುದೆಂದು ನಿಶ್ಚಯಿಸಿದೆ. ಉಪ್ಪಿನಕಾಯಿಯ ಗಾಜಿನ ಭರಣಿ ತೊಳೆದು, ಒಳಗೂ ಹೊರಗೂ ಸಿಗರೇಟು ಪಾಕೀಟಿನೊಳಗಿನ ಹೊಳೆಯುವ ಬೇಗಡೆ ಹಾಳೆ ಹಚ್ಚಿದೆ. ಅದಕ್ಕಾಗಿ ಸೇದುವವರ ಬೆನ್ನು ಹತ್ತಿದ್ದನ್ನು ಕಂಡು ಜನ, "ಮಾಸ್ತರಿಗೆ ಚಟಾ ಹತ್ತೈತಿ" ಎಂದು ಆಡಿಕೊಂಡರು. ಅರಗು ಮೆತ್ತಿದ ಮುಚ್ಚಳದಿಂದ ಒಳಗಿನ ಬೇಗಡೆಗೆ ತಾಗುವಂತೆ ಹಿತ್ತಾಳೆ ಸಲಾಕೆ ಇಳಿಬಿಟ್ಟೆ. ಕಂದೀಲಿನ ಗಾಜನ್ನು ಮದುವೆಯ ರೇಷ್ಮೆ ಶಲ್ಯದಿಂದ ತಿಕ್ಕಿ ತಿಕ್ಕಿ ಸಲಾಕೆಗೆ ತಾಗಿಸಿದರೆ ವಿದ್ಯುತ್ತು ಒಳಗೆ ಸೇರುತ್ತದೆ. ಒಂದು ಕೈಯಲ್ಲಿ ಭರಣಿ ಹಿಡಿದು ಇನ್ನೊಂದರಿಂದ ಸಲಾಕೆ ಮುಟ್ಟಿದರೆ ಚಟ್ ಎಂದು ಕಿಡಿ! ನಮ್ಮ ಕಡೆಯ ಬೇಸಿಗೆಯ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲ ಸಲ ಮುಟ್ಟಿದಾಗ ಮೊಣಕೈತನಕ ಜುಮ್ಮೆಂದು, "ಯವ್ವಾ!" ಎಂದು ಚೀರಿದೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ನನ್ನ ಕೋಣೆ ಕೆರೆಯಾಗಿದೆ! ಹೆಡ್ ಮಾಸ್ತರು ನೆಲ ಸಾರಿಸಿ, ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿಸಿ, ಸಾಹೇಬರಿಗೆ ತಂಪಾಗಲೆಂದು ಕೊಡಗಟ್ಟಲೆ ನೀರು ಹೊಡೆಸುತ್ತಿದ್ದರು.

"ಹೆಡ್ ಮಾಸ್ತರ್ರ, ಹಸಿ ಹವಾದಾಗ ವಿದ್ಯುತ್ ನಿಲ್ಲಂಗಿಲ್ರಿ, ಸೋರಿ ಹೋಗ್ತೈತ್ರಿ!" ಎಂದು ಬಾಯಿ ಬಡಿದುಕೊಂಡೆ.

"ಹೋದ್ರ ಹೋಗ್ಲಿ ಬಿಡ್ರಿ. ದೊಡ್ಡವರು ಬರಾಕತ್ಯಾರ. ಬ್ಯಾಸಿಗ್ಯಾಗ ನೀರ ಹೊಡೀಲಿಲ್ಲಂದ್ರ ಸಾಲಿ ಮರ್ಯಾದಿ ಉಳೀತೈತೇನ್ರಿ?"

ಸಾಹೇಬರು ಬಂದು ಕುಂತರು. ನಾನು ತಿಕ್ಕಿದೆ. ಶಲ್ಯದ ಜರಿ ಕಿತ್ತು ಬಂತು. ಸಲಾಕೆ ಮುಟ್ಟಿದ ಸಾಹೇಬರು, ಏನೂ ಆಗಲಿಲ್ಲವಲ್ಲ, ಯಾಕೆ ಎಂದು ಉರ್ದುವಿನಲ್ಲಿ ಕೇಳಿದರು. ಕಾರಣ ಹೇಳಬೇಕೆಂದರೆ ಅವರ ಮರ್ಯಾದೆಗೆಂದೇ ಹೊಡೆಸಿದ ನೀರನ್ನು ದೂರಬೇಕು. ಹೆಡ್ ಮಾಸ್ತರು ಹಿಂದಿನಿಂದ ಕಣ್ಣು ಕೆಕ್ಕರಿಸಿದರು. ಯಲಬುರ್ಗಾದಲ್ಲಿದ್ದ ಹೆಂಡತಿಯನ್ನು ನೆನೆದು ಮತ್ತೆ ತಿಕ್ಕತೊಡಗಿದೆ. ಎಷ್ಟು ಹೊತ್ತಾಯಿತೋ, ತಲೆ ಎತ್ತಿದರೆ ಸಾಹೇಬರು ಕುರ್ಚಿಗೊರಗಿ ಗೊರಕೆ ಹೊಡೆಯುತ್ತಿದ್ದಾರೆ!

ಎಚ್ಚರಾದ ಮೇಲೆ, ಇಷ್ಟು ತಂಪಾದ ಕ್ಲಾಸು ಎಲ್ಲಿಯೂ ಕಂಡಿಲ್ಲವೆಂದು ಮೆಚ್ಚಿ ನನ್ನನ್ನು ಖಾಯಂ ಮಾಡಲು ಬರೆದರು. ಬೇಸಿಗೆ ಪೂರ್ತಿ ಹೀಗೆಯೇ ನೀರು ಹೊಡೆಯಬೇಕೆಂದು ಹುಕುಂ ಕೂಡ ಆಯಿತು. ಹೆಂಡತಿ ಬಂದಳು. ಮಾವನವರು, "ನಮ್ಮ ಅಳಿಯಂದ್ರು ಭಾಳ ಶಾಣ್ಯಾರು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಹುಡುಗರು ಮಾತ್ರ ಒಬ್ಬೊಬ್ಬರಾಗಿ ಸಲಾಕೆ ಮುಟ್ಟಿ, "ಮಾಸ್ತರ್ರ, ಏನೂ ಆಗವಲ್ದ್ರಿ" ಎಂದರು.

"ಪುಸ್ತಕದಾಗ ಆಗ್ತೈತಿ, ಬಾಯಿಪಾಠ ಮಾಡ್ರಲೇ!" ಎಂದು ಗದರಿದೆ. ಖಾಯಂ ಮಾಸ್ತರನ ಧ್ವನಿ ನನಗೆ ಅಷ್ಟು ಬೇಗ ಬಂದುಬಿಟ್ಟಿತ್ತು.